ಒಳಗೋ, ಹೊಳೆಗೋ

"ಇನ್ನೊಂದು ಸಲ ಹೇಳು. ಫೋನಲ್ಲಿ ಹೆಂಗೆ ಹೇಳಿದ್ಯೋ ಹಂಗೇ. ಒಂದಕ್ಷರ ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಹಾಸನದ ಜೈಲಿನ ಕಂಬಿಯ ಆಚೆ ಬಸವರಾಜು ಕಣ್ಣು ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಇಪ್ಪತ್ತೆಂಟು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವನಿಗೆ ಎದುರಿನವರ ಮುಖ ಅಡ್ಡ ಬರುತ್ತದೆ. ನನಗೆ ದನಿ ಸಾಕು.

"ಮೇಡಮ್ಮಾರೆ, ಗ್ಯಾಸು ಅಸಿ ಐತೆ, ಪ್ರೆಸರ್ ಏರ್ತಾ ಐತೆ, ಒಳೆಗೆ ಬುಟ್ಬುಡಿ. ಇಷ್ಟೇ ಸಾ ನಾನಂದಿದ್ದು."

"ಒಳೆಗೆ?"

"ಊ ಸಾ. ಒಳೆಗೆ."

ಹೊಳೆಗೆ. ಆದರೆ ಆ ದಿನ ಫೋನೆತ್ತಿದ ಮೇಡಮ್ಮನವರ ಡ್ಯೂಟಿ ಪುಸ್ತಕದಲ್ಲಿ 'ಹನ್ನೊಂದು ಹತ್ತು. ಬಸವರಾಜು ಫೋನ್. ಗ್ಯಾಸ್ ಒಳಗೆ ಬಿಡಲು ಹೇಳಿದರು' ಎಂದು ನೀಲಿ ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ಬರೆದಿತ್ತು. ಗ್ಯಾಸು ಒಳಗೆ ಹೋಯಿತು, ಒಳಗಿದ್ದ ಪ್ರೊಫೆಸರ್ ಸಂಪತ್ಕುಮಾರ ಸತ್ತರು, ಬಸವರಾಜು ಜೈಲಿಗೆ ಬಂದ. ಕಳೆದ ಗುರುವಾರದಿಂದ ಈ ಶನಿವಾರದವರೆಗೆ ನಡೆದದ್ದು ಇಷ್ಟು. ಸೋಮವಾರ ಅವನ ಜಾಮೀನಿನ ಅರ್ಜಿ ಕೋರ್ಟಿಗೆ ಬರುವುದಿತ್ತು. ಪುಸ್ತಕದ ಮಾತೇ ನಿಂತರೆ ಅವನು ಕೊಲೆಗಾರ.

ನಡೆದ ಜಾಗವನ್ನು ನಾನು ಹಿಂದಿನ ದಿನ ನೋಡಿ ಬಂದಿದ್ದೆ. ಹೊಳೆನರಸೀಪುರದಿಂದ ಆಚೆ ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡುವ ಸಣ್ಣದೊಂದು ಘಟಕ. ಚನ್ನರಾಯಪಟ್ಟಣದ ಕಡೆಯಿಂದ ಲಾರಿಗಟ್ಟಲೆ ಸಿಪ್ಪೆ ಬರುತ್ತದೆ. ಅದರ ಚಿಮಣಿಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರೆ ಮಾಡಿ, ಒತ್ತಿ, ಮೂರು ಕಿಲೋಮೀಟರು ಪೈಪಿನಲ್ಲಿ ಹೇಮಾವತಿಯ ದಂಡೆಗೆ ಕಳಿಸಿ ನೋಡುವುದು ಸಂಪತ್ಕುಮಾರರ ಪ್ರಯೋಗ. ಗ್ಯಾಸನ್ನು ಒಣಗಿಸಿ ಪೈಪಿಗೆ ತಳ್ಳುವುದು ಘಟಕದ ಕಡೆ ಇರುವ ಬಸವರಾಜುವಿನ ಕೆಲಸ. ನೀರಿನ ಪಸೆ ಇದ್ದರೆ ಅದು ಉಕ್ಕನ್ನು ತಿನ್ನುತ್ತದಂತೆ.

ಹೊಳೆಯ ಕಡೆ ತಗಡಿನ ಒಂದು ಕೋಣೆ, ಪಕ್ಕದಲ್ಲಿ ಆಳುದ್ದದ ಒಂದು ಗುಂಡಿ. ಪರೀಕ್ಷೆಯ ಪೈಪು ಆ ಗುಂಡಿಯಲ್ಲಿದೆ. ಅದರೊಳಗೆ ಉಕ್ಕಿನ ಬಿಲ್ಲೆಗಳನ್ನಿಟ್ಟು, ಪ್ರತಿ ಗುರುವಾರ ಪೈಪಿನ ಬಾಯಿ ಬಿಚ್ಚಿ ಅವನ್ನು ತೆಗೆದು, ಎಷ್ಟು ಸವೆದಿವೆ ಎಂದು ಪ್ರೊಫೆಸರು ತೂಗುತ್ತಿದ್ದರು. ಮೇಲೆ ಎರಡು ಚಕ್ರ. ಹಸಿರು ತಿರುಗಿಸಿದರೆ ಗ್ಯಾಸು ಹೊಳೆಯ ಬಯಲಿಗೆ ಹೋಗಿ ಗಾಳಿಯಲ್ಲಿ ಕಲೆಯುತ್ತದೆ. ಕೆಂಪು ತಿರುಗಿಸಿದರೆ ಒಳಗೆ, ಗುಂಡಿಯ ಪೈಪಿಗೆ. ಬಾಯಿ ಬಿಚ್ಚಿದ ದಿನ ಕೆಂಪು ತಿರುಗಿಸಿದರೆ ಗುಂಡಿ ತುಂಬುತ್ತದೆ. ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ತಗ್ಗು ಸಿಕ್ಕರೆ ಅಲ್ಲೇ ಮಲಗುತ್ತದೆ.

ನಾನು ಕಣ್ಣು ಬಿಟ್ಟೆ. "ಬಸವರಾಜು, ನಾನು ನಿಮ್ಮನೆ ಬಾಗಿಲಿಗೆ ಬಂದೆ ಅಂದ್ಕೊ. ಹೆಂಗೆ ಕರೀತೀಯ?"

ಅವನಿಗೆ ಅರ್ಥವಾಗಲಿಲ್ಲ. "ಒಳೀಕ್ ಬನ್ನಿ ಸಾ ಅಂತೀನಿ."

"ಮಳೆ ಬಂತು. ಬಟ್ಟೆ ಹೊರಗವೆ."

"ಒಳೀಕ್ ತಕೊಂಡ್ ಬಾ ಅಂತೀನಿ ಮನೆಯವ್ಳಿಗೆ."

"ಒಳಗೆ ಅನ್ನಲ್ವಾ?"

"ಅದು ಓದ್ದೋರ್ ಅನ್ನೋದು ಸಾ. ನಮ್ ಕಡೆ ಒಳೀಕ್ ಅಂತ್ಲೇ."

ನನಗೆ ಅಷ್ಟು ಸಾಕಾಗಿತ್ತು. ಅರಕಲಗೂಡಿನ ಕಡೆಯ ಈ ಮನುಷ್ಯನ ಬಾಯಲ್ಲಿ ಒಳಗೆ ಎಂಬ ಮಾತೇ ಇಲ್ಲ. ಅವನ ಒಳಗು 'ಒಳೀಕು', ಅವನ ಹೊಳೆ 'ಒಳೆ'. ಗುಂಡಿಗೆ ಬಿಡಿ ಎನ್ನುವ ಮನಸ್ಸಿದ್ದರೆ 'ಒಳೀಕ್ ಬುಡಿ' ಎನ್ನುತ್ತಿದ್ದ. ಪುಸ್ತಕದಲ್ಲಿ ಬರೆದ ಮಾತು ಅವನ ಬಾಯಿಂದ ಬಂದದ್ದಲ್ಲ.

ಹಕಾರದ ಕಷ್ಟ ನನಗೂ ಗೊತ್ತು. ಟೆಲಿಫೋನ್ ಇಲಾಖೆಗೆ ಸೇರಿದ ಮೊದಲ ವಾರ ನಾನು "ಅಲೋ, ಆಸನದಿಂದ" ಎನ್ನುತ್ತಿದ್ದೆ. ಯಾವ ಆಸನ, ಪದ್ಮಾಸನವೋ ಶವಾಸನವೋ ಎಂದು ಬೆಂಗಳೂರಿನ ಆಪರೇಟರು ಕೇಳುತ್ತಿದ್ದ. ಅವಮಾನ ತಡೆಯಲಾರದೆ ಕನ್ನಡಿಯ ಮುಂದೆ ನಿಂತು ಹಾ ಹೂ ಹೋ ಎಂದು ಅಭ್ಯಾಸ ಮಾಡಿ ಹಕಾರ ಕಲಿತೆ. ಅಷ್ಟು ಕಲಿತು ಏನು ಬಂತು? ಎಸ್‌ಟಿಡಿ ಬಂದ ಮೇಲೆ ಆಪರೇಟರೇ ಬೇಡವಾದ. ಲಕ್ಷಾಂತರ ಜನರನ್ನು ಲಕ್ಷಾಂತರ ಜನರಿಗೆ ಜೋಡಿಸಿದವನ ಮನೆಯ ಫೋನು ಈಗ ವಾರಕ್ಕೊಮ್ಮೆ ಬಡಿದುಕೊಂಡರೆ ಅದೂ ರಾಂಗ್ ನಂಬರು. ಮದುವೆಯಾಗಲಿಲ್ಲ. ಒಬ್ಬನಿಗೇ ಮುದ್ದೆ ತೊಳಸುವುದು ಎಂಥ ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಬಾಗಿಲಿಗೆ 'ಕಾಂತರಾಜು, ಖಾಸಗಿ ವಿಚಾರಣೆ' ಎಂಬ ಬೋರ್ಡು ಹಾಕಿದ್ದೇ ಯಾರಾದರೂ ಬಂದು ಮಾತಾಡಲಿ ಎಂದು.

ಹಾಗೆ ಬಂದವಳು ಶಿವಗಂಗಮ್ಮ, ಬಸವರಾಜುವಿನ ಹೆಂಡತಿ. ಜೈಲಿನ ಗೇಟಿನ ಹೊರಗೆ ಸೆರಗು ಹೊದ್ದು ಕಾಯುತ್ತಿದ್ದಳು. ಒಳಗೆ ನಡೆದದ್ದನ್ನು ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ, ತಲೆಯಾಡಿಸಿದಳು.

ಅವರ ಊರಿನಲ್ಲಿ ಈಗ ಯಾರೂ ಅವಳ ಹತ್ತಿರ ಮಾತಾಡುವುದಿಲ್ಲವಂತೆ. ನಲ್ಲಿಗೆ ಹೋದರೆ ಕೊಡ ಎತ್ತಿಕೊಂಡು ದೂರ ನಿಲ್ಲುತ್ತಾರಂತೆ. ಪಕ್ಕದ ಮನೆಯ ರೇವಮ್ಮ ಹತ್ತು ವರ್ಷ ದಿನವೂ ಬಂದು ಕೂರುತ್ತಿದ್ದವಳು, ಈಗ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ, ಅಡಿಗೆ ಏನು ಮಾಡಿದೆ ಎಂದು ಹೇಳುವ ಹಾಗೆ ಹೇಳಿದಳು.

"ಒಳೆಗೆ ಅಂದಿದ್ದು ಅಂತ ಒಬ್ರು ಏಳುದ್ರೆ ಸಾಕು ಸಾ," ಎಂದಳು. "ಆ ಮೇಡಮ್ಮೋರು ಏಳ್ಬೇಕು."

ಆ ಮೇಡಮ್ಮನವರನ್ನು ಕಾಣಲು ಹೊರಟೆ. ನೀನು ಊರಿಗೆ ಹೋಗು ಎಂದರೂ ಕೇಳದೆ ಶಿವಗಂಗಮ್ಮ ಅದೇ ಬಸ್ಸು ಹತ್ತಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಕಂಡಕ್ಟರು ಬಾಗಿಲಲ್ಲಿ ಜೋತಾಡುತ್ತ "ಒಳೆನರ್ಸೀಪುರ, ಒಳೆನರ್ಸೀಪುರ" ಎಂದು ಕೂಗುತ್ತಿದ್ದ. ಯಾರೂ ಅದನ್ನು ತಪ್ಪು ತಿಳಿಯಲಿಲ್ಲ.

ದಾರಿಯಲ್ಲಿ ಸಂಪತ್ಕುಮಾರರ ನೋಟುಪುಸ್ತಕ ತೆಗೆದೆ. ಅವರು ಬಾಡಿಗೆಗಿದ್ದ ಮನೆಯ ಮಾಲೀಕರು ಕೊಟ್ಟದ್ದು. ಸಾಮಾನು ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ. ಹೆಂಡತಿ ತೀರಿಹೋಗಿ ಹದಿನೈದು ವರ್ಷ, ಮಕ್ಕಳಿಲ್ಲ. ರಟ್ಟಿನ ಮೇಲೆ 'ನಮಗೆ ತಿಳಿಯದವು' ಎಂದು ಬರೆದುಕೊಂಡಿದ್ದರು. ತಿಳಿದದ್ದನ್ನು ಬರೆದುಕೊಳ್ಳುವ ಪ್ರೊಫೆಸರುಗಳನ್ನು ಕಂಡಿದ್ದೆ, ಇಂಥವರನ್ನು ಕಂಡಿರಲಿಲ್ಲ.

'ಹೊಗೆಯಿಂದ ಗ್ಯಾಸು ಹಿಡಿಯುವ ದ್ರಾವಣ ಎಷ್ಟು ದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ? ಘಟಕ ಮಾಡುವ ಕರೆಂಟಿನಲ್ಲಿ ಕಾಲು ಭಾಗವನ್ನು ಈ ಕೆಲಸವೇ ತಿಂದರೆ ಯಾರು ಒಪ್ಪುತ್ತಾರೆ? ಪೈಪಿನಲ್ಲಿ ಎಷ್ಟು ಪಸೆಯನ್ನು ತಡೆದುಕೊಳ್ಳಬಹುದು? ಪೈಪು ತಗ್ಗಿನ ಊರಿನ ಪಕ್ಕ ಒಡೆದರೆ, ಗಾಳಿಯಿಲ್ಲದ ದಿನ ಗ್ಯಾಸು ಎಷ್ಟು ದೂರ ಹರಿಯುತ್ತದೆ? ಅಡಿಗೆ ಗ್ಯಾಸಿಗೆ ಸೇರಿಸುವಂತೆ ಇದಕ್ಕೂ ಒಂದು ವಾಸನೆ ಸೇರಿಸಬೇಕೆ? ಕೊನೆಗೆ ಇದನ್ನೆಲ್ಲ ಎಲ್ಲಿ ಹೂಳುವುದು?' ಒಂದರ ಕೆಳಗೊಂದು ಪ್ರಶ್ನೆ, ಒಂದಕ್ಕೂ ಉತ್ತರ ಬರೆದಿರಲಿಲ್ಲ. ಕೇಳಲು ಯಾರೂ ಇಲ್ಲದ ಮನುಷ್ಯ ಕಾಗದವನ್ನು ಕೇಳಿದ್ದಾರೆ ಅನ್ನಿಸಿತು. ಬಸ್ಸು ಮೊಸಳೆ ಎಂಬ ಊರು ದಾಟುವಾಗ ಪುಸ್ತಕ ಮುಚ್ಚಿದೆ. ಬೇಸರವಾಯಿತು.

ಬಸವರಾಜುವನ್ನು ಹಿಡಿದ ಇನ್‌ಸ್ಪೆಕ್ಟರ್ ರಂಗಸ್ವಾಮಿಗೆ ಸಿಕ್ಕಿದ್ದು ಈ ಪುಸ್ತಕವಲ್ಲ, ಒಂದು ದೂರಿನ ಕಾಗದ. ಬಸವರಾಜು ಗ್ಯಾಸನ್ನು ಸರಿಯಾಗಿ ಒಣಗಿಸದೆ ತಳ್ಳುತ್ತಿದ್ದಾನೆ, ಅವನನ್ನು ಬದಲಾಯಿಸಿ ಎಂದು ಸಂಪತ್ಕುಮಾರ ಸಾಯುವುದಕ್ಕೆ ಒಂದು ವಾರ ಮುಂಚೆ ಬರೆದಿದ್ದರು. ಕೆಲಸ ಹೋಗುವವನಿಗೆ ಸಿಟ್ಟಿರುತ್ತದೆ, ಸಿಟ್ಟಿದ್ದವನು ಒಳಗೆ ಬಿಡಿ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಅಷ್ಟು ಸಾಕು.

ಮೇಡಮ್ಮನವರ ಹೆಸರು ರಂಗನಾಯಕಿ, ಮನೆ ಕೋಟೆಯ ಬೀದಿಯಲ್ಲಿ. ಪ್ರಯೋಗದ ಹೊಳೆ ಕಡೆಯ ಸಹಾಯಕಿ, ವಯಸ್ಸು ನಲವತ್ತಾರು. ತಾಯಿ ಹೋದ ಮೇಲೆ ಒಬ್ಬರೇ ಇದ್ದರು. ಶಿವಗಂಗಮ್ಮನನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ ನಾನು ಬಾಗಿಲು ತಟ್ಟಿದೆ.

ಕಾಫಿ ಕೊಟ್ಟರು. ಲೋಟ ಎರಡೇ ಇದ್ದವೇನೋ, ಒಂದನ್ನು ನನ್ನೆದುರಿಗೇ ಒರೆಸಿ ತಂದರು. ನಾನು ಸುತ್ತು ಬಳಸದೆ ಜೈಲಿನಲ್ಲಿ ಕೇಳಿದ್ದನ್ನು ಹೇಳಿದೆ. ಒಳೀಕು, ಒಳೆ, ಒಳಗೆ. ಅವರು ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲ.

"ನಾನೇ ತಪ್ಪು ಕೇಳಿಸ್ಕೊಂಡಿರಬೇಕು. ಹಾಗಂತ ಬರೆದುಕೊಡ್ತೀನಿ. ಕೋರ್ಟಿಗೂ ಬಂದು ಹೇಳ್ತೀನಿ."

ನಾನು ಬಂದ ಕೆಲಸ ಆಗಿತ್ತು. ಅವರು ಕಾಗದವನ್ನೂ ಪೆನ್ನನ್ನೂ ತಂದು ಮೇಜಿನ ಮೇಲಿಟ್ಟರು. ಬರೆಸಿಕೊಂಡು ಎದ್ದು ಬಂದಿದ್ದರೆ ಸೋಮವಾರ ಬಸವರಾಜು ಮನೆಯಲ್ಲಿರುತ್ತಿದ್ದ. ಆದರೆ ನನಗೆ ನನ್ನ ಕಿವಿಯ ಮೇಲೆ ಜಂಬ. ಅವರ ಒಪ್ಪಿಗೆ ತೀರ ಬೇಗ ಬಂದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ಮಾಡಿದೆ.

"ನೀವು ಹುಟ್ಟಿದ್ದೆಲ್ಲಮ್ಮ?"

"ಇದೇ ಮನೇಲಿ."

"ನಲವತ್ತಾರು ವರ್ಷದಿಂದ ಈ ಊರಲ್ಲಿ ಒಳೆ, ಒಳೆನರ್ಸೀಪುರ ಅಂತ ಕೇಳ್ತಾ ಇದೀರ. ಯಾವತ್ತಾದ್ರೂ ತಪ್ಪು ತಿಳ್ಕೊಂಡಿದೀರಾ?"

ಅವರು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು.

"ಇನ್ನೊಂದು," ಎಂದೆ. "ಪೊಲೀಸರಿಗೆ ನೀವು, ಪ್ರೊಫೆಸರು ಆಗಲೇ ಮೇಲೆ ಬಂದಿದ್ದಾರೆ ಅಂದ್ಕೊಂಡೆ ಅಂತ ಹೇಳಿದೀರ. ಗುಂಡಿ ನಿಮ್ಮ ಕೋಣೆಯಿಂದ ಆರು ಹೆಜ್ಜೆ. ಒಳಗೆ ಬಿಡಿ ಅಂತ ಕೇಳಿಸಿದ್ರೆ ನೀವು ಮೊದಲು ಎದ್ದುಹೋಗಿ ನೋಡ್ತಿದ್ರಿ. ನೋಡದೆ ಕೆಂಪು ತಿರುಗಿಸೋರಲ್ಲ ನೀವು."

ಅವರು ಪೆನ್ನನ್ನು ಕೆಳಗಿಟ್ಟು ಉಸಿರೆಳೆದುಕೊಂಡರು. ಎಕ್ಸ್‌ಚೇಂಜಿನಲ್ಲಿ ಇಂಥ ಉಸಿರು ನನಗೆ ಚೆನ್ನಾಗಿ ಗೊತ್ತಿತ್ತು. ಆಚೆಯವರು ಫೋನು ಇಡುವ ಮುಂಚಿನದಲ್ಲ, ಹೇಳಿಬಿಡುವ ಮುಂಚಿನದು.

"ಅವರು ಗುಂಡೀಲಿದಾರೆ ಅಂತ ನನಗೆ ಗೊತ್ತಿತ್ತು," ಎಂದರು. "ಹೊಳೆಗೆ ಅಂತಲೇ ಕೇಳಿಸ್ತು. ಹೊಳೆಗೆ ಬಿಟ್ರೆ ಅವರಿಗೇನೂ ಆಗಲ್ಲ ಅಂತ ಎದ್ದುಹೋಗ್ಲಿಲ್ಲ. ನಾನು ಹಸಿರೇ ತಿರುಗಿಸಿದ್ದು ಕಾಂತರಾಜು ಅವರೇ."

ನನಗೆ ಮೊದಲು ಅದರ ಅರ್ಥವೇ ಹತ್ತಲಿಲ್ಲ.

ಹಸಿರು ತಿರುಗಿಸಿದಾಗ ಹೊಳೆಯ ಕಡೆಯಿಂದ ಬುಸ್ಸೆಂದು ಸದ್ದು ಬರಬೇಕಿತ್ತಂತೆ. ಬರಲಿಲ್ಲ. ದಾರಿಯಲ್ಲಿ ಏನಾದರೂ ಕಟ್ಟಿಕೊಂಡಿದೆಯೇನೋ ಎಂದು ಇನ್ನೂ ಎರಡು ಸುತ್ತು ತಿರುಗಿಸಿದರು. ಆಮೇಲೆ ಹೇಳೋಣವೆಂದು ಗುಂಡಿಯ ಹತ್ತಿರ ಹೋದರೆ ಸಂಪತ್ಕುಮಾರ ಗೋಡೆಗೆ ಒರಗಿದ್ದರು, ಕೈಯಲ್ಲಿ ಬಿಲ್ಲೆ ಹಾಗೇ ಇತ್ತು. ಹೀಗಾದಾಗ ಹಿಂದೆಯೇ ಇಳಿಯಬೇಡಿ, ಇಳಿದವರೂ ಉಳಿಯುವುದಿಲ್ಲ ಎಂದು ಅವರೇ ನೂರು ಸಲ ಹೇಳಿಕೊಟ್ಟಿದ್ದರಂತೆ. ಅದಕ್ಕೇ ಇಳಿಯಲಿಲ್ಲ.

"ಮೇಲೆ ನಿಂತು ಹೆಸರು ಹಿಡಿದು ಕೂಗಿದೆ. ನಾಲ್ಕು ವರ್ಷ ಸಾರ್ ಸಾರ್ ಅಂದವಳು. ನನ್ನೆದುರಿಗೆ ಕೂತು ಅಷ್ಟು ದಿನ ಊಟ ಮಾಡಿದ ಮನುಷ್ಯರು ಬೇರೆ ಯಾರೂ ಇಲ್ಲ. ಅವರು ಮಾತಾಡ್ತಿದ್ದಿದ್ದು ಗ್ಯಾಸಿನ ವಿಷಯವೇ. ನನಗೆ ಅದೇ ಸಾಕಾಗಿತ್ತು."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಹೆದರಿ ಹಸಿರನ್ನು ಮುಚ್ಚಿ ಕೆಂಪನ್ನು ತೆರೆದಿಟ್ಟರಂತೆ. ಹಸಿರು ತಿರುಗಿಸಿದೆ ಎಂದರೆ ಯಾರು ನಂಬುತ್ತಾರೆ, ಗ್ಯಾಸು ಹೋಗಿರುವುದು ಗುಂಡಿಗೆ. ಇವಳೇ ಬೇಕೆಂದು ಕೆಂಪು ತಿರುಗಿಸಿದಳು ಎನ್ನುತ್ತಾರೆ. ಅದಕ್ಕೆ ಪುಸ್ತಕದಲ್ಲಿ ಒಳಗೆ ಎಂದು ಬರೆದರು. ಕಿವಿ ತಪ್ಪಿದ್ದು, ಅಚಾತುರ್ಯ ಎಂದು ಮುಗಿದುಹೋಗುತ್ತದೆ ಅಂದುಕೊಂಡಿದ್ದರು. ದೂರಿನ ಕಾಗದದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಬಸವರಾಜುವನ್ನು ಹಿಡಿದುಕೊಂಡು ಹೋದರೆಂದು ಕೇಳಿದ ಮೇಲೆ ಬಾಯಿ ಬಿಡುವ ಧೈರ್ಯವೂ ಬರಲಿಲ್ಲ.

ಅವರ ದನಿಯಲ್ಲಿ ಸುಳ್ಳನ್ನು ಹುಡುಕಿದೆ. ಸಿಗಲಿಲ್ಲ.

"ಹಸಿರು ತಿರುಗಿಸಿದ್ರೆ ಗ್ಯಾಸು ಗುಂಡಿಗೆ ಹೆಂಗಮ್ಮ ಹೋಗುತ್ತೆ?"

"ಕೆಳಗೆ ಪೈಪು ಅದಲು ಬದಲು ಆಗಿದ್ರೆ ಹೋಗುತ್ತೆ." ಅವರು ನನ್ನ ಮುಖ ನೋಡಲಿಲ್ಲ. "ಹಿಂದಿನ ದಿನ, ಬುಧವಾರ, ಸೋರ್ತಿದೆ ಅಂತ ಚಪ್ಪಡಿ ಎತ್ತಿಸಿ ಎರಡೂ ಪೈಪು ಬಿಚ್ಚಿ ಕೂಡಿಸಿದ್ರು. ಆಮೇಲೆ ಗ್ಯಾಸು ಬಿಟ್ಟು ನೋಡ್ಲಿಲ್ಲ, ಹೊತ್ತಾಗಿತ್ತು. ಈಗಲೂ ಚಪ್ಪಡಿ ಎತ್ತಿದ್ರೆ ಹಾಗೇ ಇರುತ್ತೆ."

ಕೂಡಿಸಿದವರು ಯಾರು ಎಂದು ಕೇಳಬೇಕಿತ್ತು. ಕೇಳಲು ಮನಸ್ಸು ಬರಲಿಲ್ಲ. ಕೇಳಿದೆ.

"ಬಸವರಾಜು," ಎಂದರು. "ಒಬ್ಬನೇ. ಬೇರೆ ಯಾರಿಗೂ ಆ ಕೆಲಸ ಬರಲ್ಲ."

ಕಾಫಿ ಆರಿಹೋಗಿತ್ತು. ಬೆಳಗಿನಿಂದ ನಾನು ಬೆವರು ಸುರಿಸಿ ಸಾಧಿಸಿದ್ದು ಒಂದೇ ಸಂಗತಿ, ಬಸವರಾಜು ಹೇಳಿದ್ದು ಹೊಳೆಗೆ ಎಂದೇ. ಈಗ ಆ ಮಾತೇ ಅವನ ಕೊರಳಿಗೆ ಬಂತು. ಪೈಪನ್ನು ತಿಳಿದೇ ಅದಲು ಬದಲು ಮಾಡಿದವನು ಮಾರನೆಯ ದಿನ, ಪ್ರೊಫೆಸರು ಗುಂಡಿಯಲ್ಲಿರುವ ಹೊತ್ತು ನೋಡಿಕೊಂಡು ಫೋನು ಮಾಡಿದರೆ, ಹೇಳುವ ಮಾತು ಹೊಳೆಗೆ ಎಂದೇ ಆಗಿರುತ್ತದೆ. ಒಳಗೆ ಎಂದು ಅವನು ಯಾಕೆ ಹೇಳುತ್ತಾನೆ?

ಕೈತಪ್ಪೂ ಆಗಿರಬಹುದು. ಎರಡೂ ಒಂದೇ ಅಳತೆಯ ಪೈಪು, ಸಂಜೆಯ ಅವಸರ, ಕೆಲಸ ಹೋಗುತ್ತದೆಂಬ ಚಿಂತೆ. ಕೈತಪ್ಪೋ ಕೈವಾಡವೋ ಎಂದು ಚಪ್ಪಡಿಯ ಕೆಳಗಿನ ಪೈಪು ಹೇಳುವುದಿಲ್ಲ. ಜೈಲಿನಲ್ಲಿ ಕೇಳಿದ ದನಿಯನ್ನು ನೆನಪು ಮಾಡಿಕೊಂಡೆ. ಮಾತಿನ ಉಚ್ಚಾರವನ್ನು ಮಾತ್ರ ಕೇಳಿದ್ದೆ, ಮನಸ್ಸನ್ನು ಕೇಳಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ರಂಗನಾಯಕಿ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. ತಪ್ಪು ಕೇಳಿಸಿತು ಎಂದು ಬರೆದರೆ ಬಸವರಾಜು ಬಿಡುಗಡೆಯಾಗುತ್ತಾನೆ, ನಿಜ ಯಾವತ್ತೂ ಹೊರಗೆ ಬರುವುದಿಲ್ಲ. ನಿಜ ಬರೆದರೆ ಅವರಿಗೂ ಶಿಕ್ಷೆಯಾಗಬಹುದು, ಅವನಿಗಂತೂ ನೇಣು ಕಾದಿರಬಹುದು. ಇದನ್ನು ಅವರೇ ನಿಧಾನವಾಗಿ ಬಿಡಿಸಿ ಹೇಳಿದರು. ಇಷ್ಟು ದಿನ ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒಬ್ಬರೇ ಯೋಚಿಸಿದ್ದರೆಂದು ಕಾಣುತ್ತಿತ್ತು.

"ನನಗೆ ಎರಡೂ ಒಂದೇ," ಎಂದರು. "ನೀವು ಹೇಳಿದ್ದನ್ನ ಬರೀತೀನಿ."

ಐದು ನಿಮಿಷ ಕೊಡಿ ಎಂದು ಎದ್ದು ಹೊರಗೆ ಬಂದೆ. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು, ಯಾರೂ ಇರಲಿಲ್ಲ. ತಿರುವಿನಿಂದ ಶಿವಗಂಗಮ್ಮ ಆಗಲೇ ಓಡೋಡಿ ಬರುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ, ಎರಡು ಮಾರು ದೂರದಲ್ಲೇ ನಿಂತುಬಿಟ್ಟಳು.

"ಏನಂದ್ರು ಸಾ? ನಮ್ಮೋರು ಒಳೆಗೆ ಅಂದಿದ್ದು ಅಂತ ಒಪ್ಕೊಂಡ್ರಾ?"

"ಒಪ್ಕೊಂಡ್ರು ಕಣಮ್ಮ," ಎಂದೆ. "ಹೊಳೆಗೆ ಅಂತಲೇ ಅಂದಿದ್ದು."

ಅವಳು ನಡುಬೀದಿಯಲ್ಲೇ ಕುಸಿದು ಕೂತು ಎರಡೂ ಕೈ ಮುಗಿದಳು. ಈ ವಾರದಲ್ಲಿ ಮೊದಲ ಸಲ ಅವಳು ಅತ್ತಳು. ಏಳಮ್ಮ ಎಂದು ನಾನು ಬಗ್ಗುವಾಗ ಬೆನ್ನ ಹಿಂದೆ ಬಾಗಿಲು ತೆರೆಯಿತು. ರಂಗನಾಯಕಿ ಹೊಸ್ತಿಲ ಮೇಲೆ ಕಾಗದ ಹಿಡಿದು ನಿಂತಿದ್ದರು. ಶಿವಗಂಗಮ್ಮನನ್ನು ಅವರು ನೋಡಿದ್ದು ಅದೇ ಮೊದಲು.

"ಇವರು ಬಸವರಾಜು ಹೆಂಡತೀನಾ?" ಎಂದು ಕೇಳಿದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ನೋಡುತ್ತ ಮೆಟ್ಟಿಲಿಳಿದರು. "ಹಾಗಿದ್ರೆ ನೀವು ಹೇಳೋದು ಬೇಡ ಕಾಂತರಾಜು ಅವರೇ. ಏನು ಬರೀಬೇಕು ಅಂತ ಇವರನ್ನೇ ಕೇಳ್ತೀನಿ."